ಅಪ್‌ಡೇಟ್: ಹಳೇ ಫೋನಿಗೆ ಲಿನಿಯೇಜ್‌ಓಎಸ್ ಹಾಕಿದೆ

ಕಂಪನಿಯ ಅಪ್‌ಡೇಟ್ ನಿಂತುಹೋದ ಹಳೇ ಫೋನಿಗೆ ಲಿನಿಯೇಜ್‌ಓಎಸ್ (ಆಂಡ್ರಾಯ್ಡ್ ಆಧರಿಸಿದ ಉಚಿತ ಬದಲಿ ಸಿಸ್ಟಂ) ಹಾಕಿದರೆ ಅಪಾಯವೇ ಎಂದು ಕೇಳಿದ್ದೆ ಅಲ್ವಾ? ಭಾನುವಾರ ಹಾಕಿಯೇಬಿಟ್ಟೆ. ಅವರದೇ ಸೈಟಿನಿಂದ ಫೈಲ್ ಇಳಿಸಿ, ಫೈಲ್ ಬದಲಾಗಿಲ್ಲವೇ ಎಂದು ಅದರ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಗುರುತು ಸಂಖ್ಯೆ) ತಾಳೆ ನೋಡಿದೆ. ಬೂಟ್‌ಲೋಡರ್ (ಫೋನ್ ಆನ್ ಆದಾಗ ಸಿಸ್ಟಂ ಶುರುಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಿದ ಕೂಡಲೇ ಫೋನ್ ಪೂರ್ತಿ ಖಾಲಿ! ಬ್ಯಾಕಪ್ ಇತ್ತು, ಬಚಾವಾದೆ.

ಆಂಡ್ರಾಯ್ಡ್ ಸೆಕ್ಯುರಿಟಿ ಪ್ಯಾಚ್ ಈಗ ಹೊಸದು. ಮೋಡೆಮ್ ಫರ್ಮ್‌ವೇರ್ (ನೆಟ್‌ವರ್ಕ್ ಚಿಪ್ ನಡೆಸುವ ಸಾಫ್ಟ್‌ವೇರ್) ಮಾತ್ರ ಹಳೆಯದೇ, ಅದನ್ನು ಕಂಪನಿಯೇ ಕೊಡಬೇಕು. ನನಗೆ ಜಾಸ್ತಿ ಹೆದರಿಕೆ ಬೇರೆ: ಬೂಟ್‌ಲೋಡರ್ ತೆರೆದೇ ಇದೆ. ಫೋನ್ ಬೇರೆಯವರ ಕೈಗೆ ಸಿಕ್ಕರೆ ತಿದ್ದಿದ ಸಿಸ್ಟಂ ತುರುಕಬಹುದು. ಮತ್ತೆ ಲಾಕ್ ಮಾಡಿದರೆ ನನ್ನ ಮಾಡೆಲ್‌ನಲ್ಲಿ ಫೋನೇ ಆನ್ ಆಗದಿರಬಹುದಂತೆ.

ಹೀಗೆ ಬದಲಿಸಿದ ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆಯಲಿಲ್ಲ. ರೂಟ್ ಮಾಡಿ (ಸಿಸ್ಟಂ ಮೇಲೆ ಪೂರ್ತಿ ಅಧಿಕಾರ ಪಡೆದು) ಅದನ್ನು ಆ್ಯಪ್‌ನಿಂದ ಮರೆಮಾಚುವ ಉಪಾಯವನ್ನು ಒಬ್ಬರು ಹೇಳಿದ್ದರು. ಸುಮ್ನೆ ಯಾಕೆ ಇನ್ನೊಂದು ಬಾಗಿಲು ತೆರೆಯುವುದು? ಯುಪಿಐ ಬೇರೆ ಫೋನಿನಲ್ಲಿದೆ. ಇದರಲ್ಲಿ ಹಾಡು ಕೇಳುತ್ತೇನೆ, ಅಷ್ಟೆ.