ತಂದೆಗೆ ಹತ್ತು ನಿಮಿಷ ಬಲಗೈ ಸ್ವಾಧೀನ ತಪ್ಪಿತ್ತು: ಲಕ್ವ ಕಂಡವರು ಅನುಭವ ತಿಳಿಸಿ

ನಮ್ಮ ತಂದೆಯವರಿಗೆ 64 ವರ್ಷ. ನಿನ್ನೆ ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಮಾತು ತೊದಲಿತು, ಹತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು. ಬಿಪಿ ಮಾತ್ರೆಯನ್ನು ಯುಗಾದಿಯಿಂದ ಬಿಟ್ಟಿದ್ದಾರೆ. ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಮನೆಯಲ್ಲಿ ಲಕ್ವ ಕಂಡವರು ದಯವಿಟ್ಟು ಅನುಭವ ಹಂಚಿಕೊಳ್ಳಿ.

ತುಮಕೂರಿನಿಂದ:
ನನ್ನ ಹೆಂಡತಿಗೆ ಬಾಯಿ ಓರೆಯಾದದ್ದು ರಾತ್ರಿ ಊಟಕ್ಕೆ ಕುಳಿತಾಗ. ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸೋಣವೆಂದು ಭಾವಮೈದುನ ಹಟ ಹಿಡಿದರೂ, ಅಲ್ಲಿ ಸಿಟಿ ಸ್ಕ್ಯಾನ್ ಇಲ್ಲವೆಂದು ಗೊತ್ತಿದ್ದುದರಿಂದ ನಾನು ಕಾರು ನಿಲ್ಲಿಸಲಿಲ್ಲ; ಆ ನಿರ್ಧಾರದ ಬಗ್ಗೆ ಇಂದಿಗೂ ಹೆಮ್ಮೆಯಿದೆ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳವೇ ಒಡೆದಿದೆಯೋ ಎಂಬುದು ಸ್ಕ್ಯಾನ್ ಆಗದೆ ಖಚಿತವಾಗದು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ರಕ್ತಸ್ರಾವವಾದವರಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಈ ಕಾರಣಕ್ಕೇ ಪಕ್ಕದ ಮನೆಯವರು ತಂದುಕೊಟ್ಟ ಆಸ್ಪಿರಿನ್ನನ್ನೂ ನುಂಗಿಸಲಿಲ್ಲ. ಇಂಜೆಕ್ಷನ್ನಿಗೆ 42,000, ಐಸಿಯುಗೆ ದಿನಕ್ಕೆ 14,000. ಕೋಣೆ ಬಾಡಿಗೆಯ ಮಿತಿ ಮೀರಿತೆಂದು ವಿಮೆಯವರು ಬಿಲ್ಲಿನ ಇತರ ಕೆಲವು ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸಿ 38,000 ನಮ್ಮ ತಲೆಗೆ ಕಟ್ಟಿದರು. ಆದರೆ ಆಕೆ ಇಂದು ತಾನೇ ರಂಗೋಲಿ ಹಾಕುತ್ತಾಳೆ. ತಡ ಮಾಡಿದವರು ಆಮೇಲೆ ದೇವರನ್ನು ದೂರಿ ಪ್ರಯೋಜನವಿಲ್ಲ.

ಶಿರಸಿಯಿಂದ:
ತುಮಕೂರಿನವರ ಕೊನೆಯ ವಾಕ್ಯ ಓದಿ ಸಿಟ್ಟು ಬಂದಿದೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ನಮ್ಮ ಅಮ್ಮ ಏಳುವಾಗಲೇ ಎಡಭಾಗ ಬಿದ್ದುಹೋಗಿತ್ತು. ರೋಗಿ ಚೆನ್ನಾಗಿದ್ದುದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ ಸಮಯ ಎಣಿಸುತ್ತಾರೆ. ಹಾಗೆ ಎಣಿಸಿ, ಇಂಜೆಕ್ಷನ್ ಕೊಡಲಾಗದು ಎಂದರು. ಯಾರು ತಡ ಮಾಡಿದಂತಾಯಿತು, ಹೇಳಿ?

ನಿಜವಾದ ಖರ್ಚು ಡಿಸ್ಚಾರ್ಜ್ ಆದ ಮೇಲಿನದು. ನುಂಗಲು ಬಾರದೆ ಮೂಗಿಗೆ ನಳಿಗೆ ಹಾಕಿದ್ದರು. ಚಿಕ್ಕಮ್ಮ ಅಕ್ಕರೆಯಿಂದ ಬಾಯಿಗೇ ಗಂಜಿ ಕುಡಿಸಿದ್ದರಿಂದ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಯಿತು. ಮತ್ತೆ ಆಸ್ಪತ್ರೆ, ಮತ್ತೆ 61,000. ನೋಡಿಕೊಳ್ಳುವಾಕೆಗೆ ತಿಂಗಳಿಗೆ 18,000, ಫಿಸಿಯೋಥೆರಪಿಗೆ ಪ್ರತಿ ಸಲ 500, ಗಾಳಿಹಾಸಿಗೆಗೆ 4,200, ಅದರ ಪಂಪು ಕೆಟ್ಟಾಗ 1,600. ಕರೆಂಟು ಹೋದ ರಾತ್ರಿಗಳಲ್ಲಿ ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ನಾವೇ ಎದ್ದು ಮಗ್ಗುಲು ಬದಲಿಸುತ್ತಿದ್ದೆವು.

ಹಾವೇರಿಯಿಂದ:
ಇಷ್ಟು ಹಣ ಎಲ್ಲರ ಬಳಿಯೂ ಇರುವುದಿಲ್ಲ. ನಮ್ಮಣ್ಣ ನಾಟಿ ವೈದ್ಯರ ಎಣ್ಣೆ ತಿಕ್ಕಿಸಿಕೊಂಡೇ ಮೂರನೆಯ ತಿಂಗಳಿಗೆ ಕೋಲು ಹಿಡಿದು ನಡೆದ. ಅದನ್ನು ಕಣ್ಣಾರೆ ಕಂಡ ನನಗೆ ಯಾರೂ ಪಾಠ ಹೇಳಬೇಕಿಲ್ಲ.

ತುಮಕೂರಿನಿಂದ:
ಪಾರಿವಾಳದ ರಕ್ತ ಸವರಿಸಿಕೊಂಡವರನ್ನೂ ನಾನು ಕಂಡಿದ್ದೇನೆ. ಮಿದುಳು ಬೇಗ ಚೇತರಿಸಿಕೊಳ್ಳುವುದೇ ಮೊದಲ ಕೆಲವು ತಿಂಗಳುಗಳಲ್ಲಿ. ಆ ಕೀರ್ತಿಯನ್ನು ಎಣ್ಣೆಗೆ ಕೊಡಬೇಡಿ. ನಮ್ಮ ನೆಂಟರೊಬ್ಬರ ಸೋತ ಕೈಯನ್ನು ಹಾಗೆಯೇ ಜಗ್ಗಿ ತಿಕ್ಕಿ ಭುಜದ ಕೀಲು ಜಾರಿಸಿದರು.

ಹಾವೇರಿಯಿಂದ:
ಜಗ್ಗಿದವನ ತಪ್ಪನ್ನು ಎಲ್ಲ ನಾಟಿ ವೈದ್ಯರ ಮೇಲೆ ಹೊರಿಸುವುದು ಯಾವ ನ್ಯಾಯ? ನಿಮ್ಮ ಹೆಮ್ಮೆಯನ್ನು ನೀವೇ ಇಟ್ಟುಕೊಳ್ಳಿ.

ಮೈಸೂರಿನಿಂದ:
ಪ್ರಶ್ನೆ ಕೇಳಿದವರನ್ನು ಎಲ್ಲರೂ ಮರೆತಿದ್ದೀರಿ. ನಾನೇ ಲಕ್ವ ಹೊಡೆದವನು; ಎಡಗೈಯಲ್ಲಿ ಬರೆಯುತ್ತಿದ್ದೇನೆ. ನನಗೂ ಮೊದಲೊಮ್ಮೆ ಹೀಗೆಯೇ ಬಂದು ಹೋಗಿತ್ತು. ಹಾಗೆ ಬಂದು ಹೋದದ್ದರ ಬೆನ್ನಿಗೆ ದೊಡ್ಡದು ಬರುವ ಅಪಾಯ ಮೊದಲ ಎರಡು ದಿನಗಳಲ್ಲಿ ಬಹಳ ಹೆಚ್ಚು. ಆದ್ದರಿಂದ ತಂದೆಯವರನ್ನು ಇಂದೇ ಕರೆದೊಯ್ಯಿರಿ. ಸ್ಕ್ಯಾನಿನ ಜೊತೆಗೆ ಇಸಿಜಿ, ಕುತ್ತಿಗೆಯ ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆಯ ಬಗ್ಗೆಯೂ ಕೇಳಿ. ನನ್ನ ಹೃದಯದ ಬಡಿತ ತಾಳ ತಪ್ಪಿ ಅಲ್ಲಿಂದಲೇ ಹೆಪ್ಪು ಮಿದುಳಿಗೆ ಹೋಗಿತ್ತು. ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತೇನೆ, ಅದರ ಪ್ರಮಾಣ ಹೆಚ್ಚುಕಡಿಮೆಯಾಗದಂತೆ ಆಗಾಗ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್ಆರ್ ರಕ್ತಪರೀಕ್ಷೆ ಮಾಡಿಸುತ್ತೇನೆ. ಇನ್ನೊಂದು ಮಾತು: ನಾಲಿಗೆ ಹೊರಳದಿದ್ದರೂ ನನಗೆ ಎಲ್ಲವೂ ತಿಳಿಯುತ್ತಿತ್ತು. ಮನೆಯವರು ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತು, ಇಲ್ಲಿ ನೀವು ಹಾಕಿದಂತೆ, ಖರ್ಚಿನ ಲೆಕ್ಕ ಹಾಕುತ್ತಿದ್ದರು.

ಶಿರಸಿಯಿಂದ:
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಎರಡು ಕೋಣೆಯ ಮನೆಯಲ್ಲಿ ಆ ಲೆಕ್ಕವನ್ನು ನಾವು ಎಲ್ಲಿ ಹೋಗಿ ಹಾಕಬೇಕಿತ್ತು? ರಜೆಯ ಮೇಲೆ ರಜೆ ಹಾಕಿ ನಾನು ಕೆಲಸ ಕಳೆದುಕೊಂಡದ್ದನ್ನೂ ಅಮ್ಮನ ಎದುರಿಗೇ ಹೇಳಬೇಕಾಯಿತು.