ಬೆಟ್ಟದ ಕಲ್ಲುಮಣ್ಣಿಗೆ ಯಾವ ಹೆಸರು? ವರದಿಯಲ್ಲಿ ‘ಜೇಡಿ’ ಅಂತಿದೆ, ನೀರು ಮಾತ್ರ ನಿಲ್ಲುತ್ತಿಲ್ಲ

ಕಾನಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆಯ ಒಂದು ಹಳ್ಳಿ. ಊರಿನ ಜೀವವೈವಿಧ್ಯ ದಾಖಲಾತಿಗೆ ನಮ್ಮ ಸೊಪ್ಪಿನ ಬೆಟ್ಟದ ಮಣ್ಣಿನ ಬಗ್ಗೆ ಒಂದು ಪುಟ ಬರೆಯುವ ಕೆಲಸ ನನಗೆ ಬಂದಿದೆ. ಸುಮ್ನೆ ‘ಕೆಂಪು ಮಣ್ಣು’ ಅಂತ ಬರೆದು ಮುಗಿಸಲು ಮನಸ್ಸಿಲ್ಲ. ಇನ್ನೊಂದು ಕಾರಣವೂ ಇದೆ. ಎರಡು ವರ್ಷದಿಂದ ಅಲ್ಲಿ ಉಪ್ಪಾಗೆ (ಹುಳಿ ಹಣ್ಣಿನ ಒಂದು ಕಾಡುಮರ) ಸಸಿ ನೆಡುತ್ತಿದ್ದೇವೆ. ಮಾರ್ಚ್ ಬರುವಷ್ಟರಲ್ಲಿ ಮುಕ್ಕಾಲು ಪಾಲು ಒಣಗುತ್ತವೆ.

ಇಳಿಜಾರಿನ ನಡುವೆ ಒಂದು ಗುಂಡಿ ತೋಡಿದೆ. ಮೇಲೆ ದರಕು, ಅಂದರೆ ಉದುರಿದ ಒಣ ಎಲೆ. ಅದರ ಕೆಳಗೆ 18 ಸೆಂ.ಮೀ. ಕಪ್ಪುಗಂದು ಮಣ್ಣು, ಬೇರು ತುಂಬ, ಕಲ್ಲು ಕಡಿಮೆ. 18ರಿಂದ 55ರ ತನಕ ಕೆಂಗಂದು, ನೊರಜುಗಲ್ಲು ಮತ್ತು ಚಿರೇಕಲ್ಲಿನ ಚೂರು ತುಂಬಿಕೊಂಡಿವೆ. ಇಲ್ಲಿ ಗುದ್ದಲಿ ಇಳಿಯಲಿಲ್ಲ, ಹಾರೆಯಲ್ಲೇ ಎಬ್ಬಿಸಬೇಕಾಯಿತು. 55ರಿಂದ 110ರ ತನಕ ಒಳ್ಳೆ ಕೆಂಪು. ಅದರ ಕೆಳಗೆ ಕೊಳೆತ ಬಂಡೆ.

ಪರೀಕ್ಷೆ ಮಾಡಿಸಿದ್ದೇನೆ. ಜೇಡಿ ಅಂಶ ಮೂರು ಪದರಕ್ಕೆ ಕ್ರಮವಾಗಿ 24, 38, 46%. ಸಾವಯವ ಇಂಗಾಲ 2.9, 1.3, 0.6%. ರಸಸಾರ 5.6ರಿಂದ 5.2. ಮೂರನೇ ಪದರದ ಸಿಇಸಿ (ಪೋಷಕಾಂಶ ಹಿಡಿದಿಡುವ ಶಕ್ತಿ) 10, ಬೇಸ್ ಸ್ಯಾಚುರೇಷನ್ (ಆ ಶಕ್ತಿಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವು ತುಂಬಿದ ಪಾಲು) 42%. ‘ಜೇಡಿ ಮಣ್ಣು, ನೀರು ಹಿಡಿಯುವ ಶಕ್ತಿ ಚೆನ್ನಾಗಿದೆ’ ಅಂತ ಕೊನೆಯಲ್ಲಿ ಬರೆದಿದ್ದಾರೆ. ಆದರೆ ಗುಂಡಿಗೆ ಒಂದು ಕೊಡ ನೀರು ಹೊಯ್ದರೆ ನೋಡ ನೋಡ್ತಾ ಇಂಗಿ ಹೋಗುತ್ತದೆ.

ನಾನೇ ಎರಡನೇ ಪದರವನ್ನು ಜರಡಿ ಹಿಡಿದೆ. ತೂಕದಲ್ಲಿ 45% ಕಲ್ಲು. ಅಮೆರಿಕದ ಮಣ್ಣು ವಿಂಗಡಣೆಯಲ್ಲಿ ಕಲ್ಲು 35% ದಾಟಿದರೆ ‘ಸ್ಕೆಲಿಟಲ್’ (ಕಲ್ಲು ತುಂಬಿದ ಮಣ್ಣು) ಅಂತ ಓದಿದ್ದೇನೆ. ಬೇಸ್ ಸ್ಯಾಚುರೇಷನ್ 35ಕ್ಕಿಂತ ಜಾಸ್ತಿ ಇರುವುದರಿಂದ ಅದೇ ಪದ್ಧತಿಯ ‘ಆಲ್ಫಿಸೋಲ್’ ಅನ್ನುವ ವರ್ಗ. ಹಾಗಾದರೆ ‘ಸ್ಕೆಲಿಟಲ್ ಆಲ್ಫಿಸೋಲ್’ ಅಂತ ಬರೆಯಬಹುದಾ? ವರದಿ ಸರಿಯೋ, ನನ್ನ ಗುಂಡಿ ಸರಿಯೋ ಅಂತಲೇ ಗೊತ್ತಾಗುತ್ತಿಲ್ಲ.

ಜರಡಿ

ನಮಸ್ಕಾರ. ಮಣ್ಣು ಸಮೀಕ್ಷೆಯಲ್ಲಿ ಸುಮಾರು ವರ್ಷ ಕೆಲಸ ಮಾಡಿದ್ದೇನೆ, ಅದಕ್ಕೇ ಈ ಪ್ರಶ್ನೆ ನೋಡಿ ಖುಷಿಯಾಯಿತು. ವರದಿಯೂ ಸರಿ, ಗುಂಡಿಯೂ ಸರಿ. ಎರಡೂ ಹೇಳುತ್ತಿರುವುದು ಬೇರೆ ಬೇರೆ ವಸ್ತುವಿನ ಬಗ್ಗೆ, ಅಷ್ಟೇ.

ಪ್ರಯೋಗಶಾಲೆಯಲ್ಲಿ ಮಣ್ಣು ಒಣಗಿಸಿ 2 ಮಿ.ಮೀ. ಜರಡಿ ಹಿಡಿಯುತ್ತಾರೆ. ಮೇಲೆ ಉಳಿದ ಕಲ್ಲನ್ನು ಪಕ್ಕಕ್ಕಿಡುತ್ತಾರೆ. ಜೇಡಿ, ಇಂಗಾಲ, ಸಿಇಸಿ ಎಲ್ಲವೂ ಜರಡಿ ಇಳಿದ ಮಣ್ಣಿನದು ಮಾತ್ರ. ನಿಮ್ಮ 38% ಜೇಡಿ ಎಂದರೆ ಕಲ್ಲು ತೆಗೆದ ಮೇಲೆ ಉಳಿದದ್ದರಲ್ಲಿ 38%. ಬಯಲುಸೀಮೆಯ ಎರೆಮಣ್ಣಿಗೆ ಈ ಲೆಕ್ಕ ಸಾಕು. ಬೆಟ್ಟದ ಮಣ್ಣಿಗೆ ಸಾಲದು.

ಈಗ ನಿಮ್ಮ 45%. ಸ್ಕೆಲಿಟಲ್ ಅನ್ನಲು ಬೇಕಾದ 35% ತೂಕದ ಲೆಕ್ಕ ಅಲ್ಲ, ಗಾತ್ರದ (ಎಷ್ಟು ಜಾಗ ಹಿಡಿದಿದೆ ಅನ್ನುವ) ಲೆಕ್ಕ. ಕಲ್ಲು ಭಾರ, ಮಣ್ಣು ಹಗುರ. 10 ಕೆ.ಜಿ. ಮಣ್ಣಿನಲ್ಲಿ 4.5 ಕೆ.ಜಿ. ಕಲ್ಲು ಇದ್ದರೆ, ಕಲ್ಲಿನ ಸಾಂದ್ರತೆ 2.6 ಹಿಡಿದು, 1.7 ಲೀಟರ್ ಜಾಗ. ಉಳಿದ 5.5 ಕೆ.ಜಿ. ಮಣ್ಣಿಗೆ ಸಾಂದ್ರತೆ 1.2 ಹಿಡಿದರೆ 4.6 ಲೀಟರ್. ಅಂದರೆ ಕಲ್ಲು ಬರೀ 27%. ಈ ಲೆಕ್ಕದಲ್ಲಿ ನಿಮ್ಮದು ಸ್ಕೆಲಿಟಲ್ ಆಗುವುದಿಲ್ಲ.

ಆದರೆ ಹಾರೆಯಿಂದ ಎಬ್ಬಿಸಿದೆ ಅಂದಿರಲ್ಲ, ಆ ದೊಡ್ಡ ಕಲ್ಲುಗಳೆಲ್ಲ ಎಲ್ಲಿ ಹೋದವು? ಅವು ಜರಡಿಯ ತನಕ ಬಂದವಾ?

ಕಾನಂಚು

ಇಲ್ಲ ಮೇಡಂ! ಮುಷ್ಟಿಗಿಂತ ದೊಡ್ಡದೆಲ್ಲ ಗುಂಡಿಯ ದಂಡೆಗೆ ಎಸೆದಿದ್ದೇನೆ. ಬುಟ್ಟಿಗೆ ತುಂಬಿದ್ದು ಉಳಿದದ್ದನ್ನು ಮಾತ್ರ.

ಜರಡಿ

ಹಾಗಾದರೆ ಅರ್ಧ ಉತ್ತರ ದಂಡೆಯ ಮೇಲೆ ಬಿದ್ದಿದೆ. 75 ಮಿ.ಮೀ. ತನಕ ಇರುವುದು ಗರಸು, 250ರ ತನಕ ಉಂಡೆಗಲ್ಲು, ಅದರಾಚೆ ದೊಡ್ಡಕಲ್ಲು. ಮಣ್ಣಿನ ಕುಟುಂಬದ ಹೆಸರು (‘ಸ್ಕೆಲಿಟಲ್’ ಬರುವುದು ಇದರಲ್ಲೇ) ಇಡುವಾಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಣ್ಣದು ಮಾತ್ರ ಎಣಿಸಿದರೆ ಬೆಟ್ಟದ ಮಣ್ಣು ಯಾವಾಗಲೂ ನಿಜಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಹೊಸಬರು ಜಾಸ್ತಿ ಎಡವುವುದೇ ಇಲ್ಲಿ.

ಅಂದಾಜು ಬೇಡ, ಅಳೆಯೋಣ. ಹಳೆ ಗುಂಡಿಯ ಪಕ್ಕ ಮೇಲಿನ 18 ಸೆಂ.ಮೀ. ಮಣ್ಣನ್ನು ಸರಿಸಿ. ಎರಡನೇ ಪದರದಲ್ಲಿ ಸುಮಾರು 30×30 ಅಗಲ, 37 ಆಳದ ಗುಂಡಿ ಮಾಡಿ. ಬಂದದ್ದೆಲ್ಲ, ಒಂದು ಚೂರೂ ಬಿಡದೆ, ತಾಡಪಾಲಿನ ಮೇಲೆ ಹಾಕಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ. ಗೋಡೆಗೆ ಚೆನ್ನಾಗಿ ಅಂಟಬೇಕು. ಅಳೆದ ನೀರು ಅಂಚಿನ ತನಕ ತುಂಬಿ. ಅದೇ ಗುಂಡಿಯ ಗಾತ್ರ. ಕಲ್ಲನ್ನು ತೊಳೆದು, ಒಂದು ರಾತ್ರಿ ನೆನೆಹಾಕಿ, ಮೇಲ್ಮೈ ಒರೆಸಿ, ಬಾಯಿ ತನಕ ನೀರಿರುವ ಬಕೆಟ್‌ಗೆ ಇಳಿಸಿ. ಹೊರಚೆಲ್ಲಿದ ನೀರೇ ಕಲ್ಲಿನ ಗಾತ್ರ. ನೆನೆಹಾಕುವುದನ್ನು ಮರೆಯಬೇಡಿ. ಚಿರೇಕಲ್ಲಿಗೆ ಮೈಯೆಲ್ಲ ತೂತು. ಒಣಗಿದ್ದರೆ ಬಕೆಟ್‌ನಲ್ಲೇ ನೀರು ಕುಡಿದು ಲೆಕ್ಕ ಕೆಡಿಸುತ್ತದೆ. ಜರಡಿ ಇಳಿದ ಮಣ್ಣನ್ನು ಪೂರ್ತಿ ಒಣಗಿಸಿ ತೂಗಿ.

ಕಿಟಕಿಯ ಸೊಳ್ಳೆಬಲೆಯನ್ನು ಜರಡಿ ಮಾಡಿಕೊಳ್ಳಬೇಡಿ, ಅದರ ಕಣ್ಣು 2 ಮಿ.ಮೀ.ಗಿಂತ ಸಣ್ಣದು.

ಮಲೆಸೀಮೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಬೇಡಿ. ನನಗೂ ಇದೇ ಕೆಲಸದಲ್ಲಿ ಒಮ್ಮೆ ತಪ್ಪಾಗಿತ್ತು. ಜರಡಿ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ. ಒಣಗಿ ಗಟ್ಟಿಯಾದ ಕೆಂಪು ಮಣ್ಣಿನ ಹೆಂಟೆಯೂ ಕಲ್ಲಿನ ಹಾಗೇ ಕಾಣುತ್ತದೆ. ನೀರಲ್ಲಿ ಹಾಕಿ ಬಿಡಿ. ಹೆಂಟೆ ಕರಗಿ ಕುಸಿಯುತ್ತದೆ, ಕಬ್ಬಿಣದ ಗುಳಿಗೆಗಲ್ಲು ಹಾಗೇ ಉಳಿಯುತ್ತದೆ. ಕರಗಿದ್ದನ್ನು ಮಣ್ಣಿಗೆ ಸೇರಿಸಿ. ಜಜ್ಜುವುದಾದರೆ ಮರದ ಕೊರಡಿನಿಂದ ಮೆಲ್ಲಗೆ. ಕಬ್ಬಿಣದ ಸುತ್ತಿಗೆ ಹಿಡಿದರೆ ಕಲ್ಲೂ ಪುಡಿಯಾಗಿ ಮರಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ತಮಾ, ಇನ್ನೊಂದು ಮಾತು. ಉಪ್ಪಾಗೆ ತಂಪು ಬಯಸುವ ಮರ. ಕಾನಿನ ಒಳಗೆ, ಹಳ್ಳದ ಹತ್ತಿರ ತಾನೇ ಹುಟ್ಟುತ್ತದೆ. ಬಿಸಿಲು ಬೀಳುವ ಗರಸು ಇಳಿಜಾರಿನಲ್ಲಿ ತಾನಾಗಿ ಬಂದ ಮರಗಳು ಯಾವುವು ಅಂತ ಮೊದಲು ನೋಡಿದೆಯಾ?

ಕಾನಂಚು

ಮತ್ತಿ, ಹೊನ್ನೆ, ನೆಲ್ಲಿ ಇವೆ ಅಣ್ಣ. ಉಪ್ಪಾಗೆ ಇರುವುದು ಕೆಳಗೆ ಹಳ್ಳದ ಬದಿಯಲ್ಲಿ ಮಾತ್ರ. ಇದು ನಮಗೆ ಹೊಳೆಯಲೇ ಇಲ್ಲ.

(ಮೂರು ವಾರದ ನಂತರ)

ಅಳೆದು ಬಂದೆ. ಗುಂಡಿಗೆ ಹಿಡಿದ ನೀರು 33 ಲೀಟರ್. ಎಲ್ಲ ಕಲ್ಲೂ ಸೇರಿ ಹೊರಚೆಲ್ಲಿದ್ದು 14.3 ಲೀಟರ್. ಒಣ ಮಣ್ಣು 22.6 ಕೆ.ಜಿ. ಹಾಗಾಗಿ ಕಲ್ಲು 43%. ಮಣ್ಣಿನ ಸಾಂದ್ರತೆ 22.6 ಭಾಗಿಸು 18.7, ಸುಮಾರು 1.2. ಮೇಡಂ ಅಂದಾಜು ಹಿಡಿದದ್ದೇ ಬಂತು! ಇದೇ ರೀತಿ ಮೇಲಿನ ಪದರದಲ್ಲಿ ಕಲ್ಲು 12%, ಕೆಳಗಿನದರಲ್ಲಿ 34% ಬಂತು. ಮಣ್ಣಿನ ಸಾಂದ್ರತೆ ಮೇಲೆ 1.1, ಕೆಳಗೆ 1.25.

ಕೆಳಗಿನದು 34 ಆದರೆ ಸ್ಕೆಲಿಟಲ್ ಹೌದೋ ಅಲ್ಲವೋ?

ಜರಡಿ

ತುಂಬ ಚೆನ್ನಾಗಿ ಮಾಡಿದ್ದೀರಿ. ಹೆಸರಿಗೆ ಇಡೀ ಗುಂಡಿ ನೋಡುವುದಿಲ್ಲ, ಒಂದೊಂದು ಪದರವನ್ನೂ ನೋಡುವುದಿಲ್ಲ. ಜೇಡಿ ಇಳಿದು ಸೇರಿದ ಪದರ, ಅಂದರೆ ಆರ್ಜಿಲಿಕ್ ಪದರ ಇದ್ದರೆ ಅದರ ಮೇಲ್ಭಾಗದ 50 ಸೆಂ.ಮೀ. ಸರಾಸರಿ ನೋಡುತ್ತಾರೆ. ನಿಮ್ಮಲ್ಲಿ ಜೇಡಿ 24ರಿಂದ 38ಕ್ಕೆ ಏರಿದೆ. 1.2 ಪಟ್ಟು ಸಾಕಾಗಿತ್ತು, ಇಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಆದರೂ ಹೆಂಟೆ ಮುರಿದು ಭೂತಗಾಜಿನಲ್ಲಿ ನೋಡಿ. ಮುರಿದ ಮುಖದ ಮೇಲೆ, ಬೇರಿನ ತೂತಿನ ಒಳಗೆ ಮೇಣ ಸವರಿದ ಹಾಗೆ ಹೊಳೆಯುವ ಪೊರೆ ಕಂಡರೆ ಸಂಶಯವಿಲ್ಲ.

ಹಾಗಾದರೆ ನೋಡಬೇಕಾದ್ದು 18ರಿಂದ 68 ಸೆಂ.ಮೀ. ಅದರಲ್ಲಿ 37 ಸೆಂ.ಮೀ. 43%, 13 ಸೆಂ.ಮೀ. 34%. ಸರಾಸರಿ 41%. ಜೇಡಿಯ ಸರಾಸರಿ 40%. ಕಲ್ಲು 35 ದಾಟಿತು, ಜೇಡಿಯೂ 35 ದಾಟಿತು. ಇದು ‘ಕ್ಲೇಯಿ-ಸ್ಕೆಲಿಟಲ್’, ಅಂದರೆ ಜೇಡಿಯೂ ಕಲ್ಲೂ ತುಂಬಿದ್ದು. ನೀವು ಮೊದಲು ಹೇಳಿದ ಪದ ಸರಿಯೇ, ಆಗ ಹಿಡಿದ ದಾರಿ ಮಾತ್ರ ಸರಿ ಇರಲಿಲ್ಲ.

ಅಂತರರಾಷ್ಟ್ರೀಯ ಪದ್ಧತಿಯಾದ ಡಬ್ಲ್ಯೂಆರ್‌ಬಿಯಲ್ಲಿ ‘ಸ್ಕೆಲಿಟಿಕ್’ ಅನ್ನಲು 100 ಸೆಂ.ಮೀ. ಸರಾಸರಿ 40% ಬೇಕು. ನಿಮ್ಮದು 33%. ಅಲ್ಲಿ ಆ ಪದ ಸಿಗುವುದಿಲ್ಲ. ಆದ್ದರಿಂದ ಯಾವ ಪದ್ಧತಿ ಅಂತ ಹೆಸರಿನ ಜೊತೆ ಬರೆಯಿರಿ.

ಈಗ ಆಲ್ಫಿಸೋಲ್ ವಿಷಯ. ವರದಿಯ 42% ಯಾವ ವಿಧಾನದಿಂದ ಬಂದದ್ದು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ರಸಸಾರ 7ರ ಅಮೋನಿಯಂ ಅಸಿಟೇಟ್ ಬಳಸುತ್ತಾರೆ. ಆಲ್ಫಿಸೋಲ್ ಮತ್ತು ಅಲ್ಟಿಸೋಲ್ (ಬೇಸ್ ಸ್ಯಾಚುರೇಷನ್ ಅದಕ್ಕಿಂತ ಕಡಿಮೆ ಇರುವ ವರ್ಗ) ನಡುವಿನ 35% ಗೆರೆ ಎಳೆದಿರುವುದು ರಸಸಾರ 8.2ರ ವಿಧಾನಕ್ಕೆ. ಹುಳಿ ಮಣ್ಣಿನಲ್ಲಿ ಈ ಎರಡು ಒಂದೇ ಉತ್ತರ ಕೊಡುವುದಿಲ್ಲ. 8.2ರಲ್ಲಿ 35 ಅಂದರೆ 7ರಲ್ಲಿ ಹೆಚ್ಚು ಕಡಿಮೆ 50. ಕೊಳೆತ ಬಂಡೆಗೆ ತಾಗುವ ಮುಂಚಿನ ಮಣ್ಣು ತೆಗೆದು 8.2ರಲ್ಲಿ ಆಮ್ಲೀಯತೆ ಅಳೆಸಿ. ಆ ಜಾಗದ ಲೆಕ್ಕವೇ ಮುಖ್ಯ.

ಕಾನಂಚು

ಅಳೆಸಿದೆ ಅಕ್ಕ. (ಇಷ್ಟೆಲ್ಲ ಹೇಳಿಕೊಟ್ಟ ಮೇಲೆ ಮೇಡಂ ಅನ್ನಲು ಮನಸ್ಸು ಬರುತ್ತಿಲ್ಲ.) ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಸೇರಿ 4.2. ಆಮ್ಲೀಯತೆ 9. ಅಂದರೆ 13.2ರಲ್ಲಿ 4.2, ಸುಮಾರು 32%. ಭೂತಗಾಜಿನಲ್ಲಿ ಆ ಹೊಳೆಯುವ ಪೊರೆಯೂ ಕಂಡಿತು!

ಜರಡಿ

ಹಾಗಾದರೆ ಅಲ್ಟಿಸೋಲ್. ಆರ್ಜಿಲಿಕ್ ಪದರದ ಮೇಲ್ಭಾಗದ 15 ಸೆಂ.ಮೀ.ನಲ್ಲಿ ಇಂಗಾಲ 0.9% ಅಥವಾ ಜಾಸ್ತಿ ಇದ್ದರೆ ಹ್ಯೂಮಲ್ಟ್, ಅಂದರೆ ಇಂಗಾಲ ಹೆಚ್ಚಿರುವ ಅಲ್ಟಿಸೋಲ್. ನಿಮ್ಮಲ್ಲಿ 1.3 ಇದೆ. ಇದಕ್ಕೆ ಇನ್ನೊಂದು ದಾರಿಯೂ ಇದೆ: 100 ಸೆಂ.ಮೀ. ಆಳದೊಳಗೆ ಚದರ ಮೀಟರಿಗೆ 12 ಕೆ.ಜಿ. ಇಂಗಾಲ. ಈ ಲೆಕ್ಕವನ್ನು ನಿಮ್ಮ ಅಂಕಿಯಲ್ಲೇ ಮಾಡಿ ನೋಡಿದೆ. ಕಲ್ಲು ಮರೆತರೆ 14.9 ಬರುತ್ತದೆ, ದಾಟಿದಂತೆ. ಕಲ್ಲಿನ ಜಾಗ ಕಳೆದರೆ 10.6, ದಾಟುವುದಿಲ್ಲ. ಮೊದಲ ದಾರಿಯಲ್ಲೇ ಸಿಕ್ಕಿದ್ದರಿಂದ ಹೆಸರು ಬದಲಾಗದು. ಆದರೆ ಕಾಡಿನ ಮಣ್ಣಲ್ಲಿ ಇಷ್ಟು ಇಂಗಾಲ ಇದೆ ಅಂತ ನಾಳೆ ಯಾರಾದರೂ ಲೆಕ್ಕ ಕೇಳಿದರೆ ದಯವಿಟ್ಟು 10.6 ಹೇಳಿ. ಇಲ್ಲದ ನಾಲ್ಕು ಕೆ.ಜಿ.ಯನ್ನು ಬೆಟ್ಟದ ಹೆಸರಿಗೆ ಬರೆಯಬಾರದು.

ಮೂರನೇ ಪದರದಲ್ಲಿ ಜೇಡಿ 46, ಸಿಇಸಿ 10. ಒಂದು ಕೆ.ಜಿ. ಜೇಡಿಗೆ ಲೆಕ್ಕ ಹಾಕಿದರೆ 22ರ ಹತ್ತಿರ. 16ಕ್ಕಿಂತ ಮೇಲಿರುವುದರಿಂದ ಕ್ಯಾಂಡಿಕ್ (ಪೋಷಕಾಂಶ ಹಿಡಿಯುವ ಶಕ್ತಿ ತೀರಾ ಕಡಿಮೆ ಇರುವ ಜೇಡಿ ಪದರ) ಅಲ್ಲ. ಕೊಳೆತ ಬಂಡೆ 150 ಸೆಂ.ಮೀ. ಒಳಗೇ ಸಿಕ್ಕಿದ್ದರಿಂದ ಪೇಲಿಹ್ಯೂಮಲ್ಟ್ (ಆಳವಾದ ಹ್ಯೂಮಲ್ಟ್) ಕೂಡ ಅಲ್ಲ, ಉಳಿದದ್ದು ಸಾಮಾನ್ಯ ಹ್ಯೂಮಲ್ಟ್, ಅಂದರೆ ‘ಹ್ಯಾಪ್ಲೊಹ್ಯೂಮಲ್ಟ್’. ಮಳೆ ಎಷ್ಟೇ ಸುರಿದರೂ ಬೇಸಿಗೆಯಲ್ಲಿ ಮಣ್ಣು ವರ್ಷಕ್ಕೆ ಒಟ್ಟು 90 ದಿನಕ್ಕಿಂತ ಜಾಸ್ತಿ ಒಣಗಿರುತ್ತದೆ, ಹಾಗಾಗಿ ‘ಉಸ್ಟಿಕ್’. ಪೂರ್ತಿ ಹೆಸರು ಹೀಗೆ: ಉಸ್ಟಿಕ್ ಹ್ಯಾಪ್ಲೊಹ್ಯೂಮಲ್ಟ್ಸ್, ಕ್ಲೇಯಿ-ಸ್ಕೆಲಿಟಲ್, ಐಸೊಹೈಪರ್‌ಥರ್ಮಿಕ್ (ವರ್ಷವಿಡೀ ಹೆಚ್ಚು ಏರಿಳಿಯದೆ ಬೆಚ್ಚಗಿರುವ ಮಣ್ಣು). ಖನಿಜದ ಪದ ಬಿಟ್ಟಿದ್ದೇನೆ. ಎಕ್ಸ್‌ರೇ ಪರೀಕ್ಷೆ ಇಲ್ಲದೆ ಅದನ್ನು ಸೇರಿಸಬೇಡಿ.

ಸಸಿ ಯಾಕೆ ಒಣಗಿತು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಜರಡಿ ಇಳಿದ ಮಣ್ಣು ಗಾತ್ರದ 12% ನೀರನ್ನು ಬೇರಿಗೆ ಕೊಡುತ್ತದೆ ಅಂತ ಅಂದಾಜು ಹಿಡಿಯಿರಿ. 37 ಸೆಂ.ಮೀ. ಪದರದಲ್ಲಿ 44 ಮಿ.ಮೀ. ಆಗಬೇಕಿತ್ತು. ಕಲ್ಲು ಕಳೆದರೆ 25. ದಿನಕ್ಕೆ 4 ಮಿ.ಮೀ. ಖರ್ಚಾದರೆ ಅದು ಒಂದು ವಾರಕ್ಕೂ ಸಾಲದು. ಬೇರು ಕೆಳಗಿನ ಕೆಂಪು ಪದರ ಮುಟ್ಟಿದ ಮರ ಬದುಕುತ್ತದೆ. ಆರು ತಿಂಗಳ ಸಸಿಯ ಬೇರು ಅಲ್ಲಿಗೆ ಹೇಗೆ ಹೋಗಬೇಕು, ಅಲ್ವಾ?

ಮಲೆಸೀಮೆ

ಹಾಗಂತ ಬೆಟ್ಟದ ಕಲ್ಲು ಆರಿಸಿ ಹೊರಗೆ ಹಾಕಬೇಡ ತಮಾ. ಮೇಲೆ ಹಾಸಿದ ಕಲ್ಲೇ ಜೋರು ಮಳೆಯ ಪೆಟ್ಟು ತಡೆಯುವುದು, ಬಿಸಿಲಿಗೆ ನೆಲ ಆರದಂತೆ ಕಾಯುವುದು. ದರಕನ್ನೂ ಪೂರ್ತಿ ಗುಡಿಸಿ ಒಯ್ಯಬೇಡಿ. ಆ ಮೇಲಿನ 18 ಸೆಂ.ಮೀ. ಆಗಿರುವುದು ಅದರಿಂದಲೇ.

ಕಾನಂಚು

ಕಲ್ಲು ತೆಗೆಯುವುದಿಲ್ಲ ಅಣ್ಣ. ದಂಡೆಗೆ ಎಸೆದಿದ್ದನ್ನೂ ಪದರದ ಪ್ರಕಾರ ಗುಂಡಿಗೆ ವಾಪಸು ತುಂಬಿ, ಮೇಲೆ ಕಪ್ಪು ಮಣ್ಣು, ದರಕು ಹರಡಿ ಬಂದೆ. ಈ ಮಳೆಗಾಲ ಉಪ್ಪಾಗೆ ಸಸಿಗಳನ್ನೆಲ್ಲ ಹಳ್ಳದ ಬದಿಗೆ ನೆಡುತ್ತೇವೆ. ಇಳಿಜಾರಿಗೆ ಅಲ್ಲಿನದೇ ಮತ್ತಿ, ಹೊನ್ನೆ, ನೆಲ್ಲಿ ಬೀಜ. ಹಳ್ಳದ ಹತ್ತಿರವೂ ಒಂದು ಗುಂಡಿ ತೋಡಿ ಅಳೆಯುತ್ತೇನೆ. ಅಲ್ಲಿ ಹಾರೆ ಬೇಕಾಗಲಿಕ್ಕಿಲ್ಲ ಅನಿಸುತ್ತದೆ. ಅಂಕಿ ಸಿಕ್ಕ ಮೇಲೆ ಇಲ್ಲೇ ಹಾಕುತ್ತೇನೆ ಅಕ್ಕ.