ಅಳತೆ ತುಂಡು ಯಾವುದರಲ್ಲಿ ಮಾಡಿದರೆ ಮಳೆಗಾಲಕ್ಕೂ ನಿಲ್ಲುತ್ತದೆ? ಸಹಾಯ ಬೇಕು

ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ಕಪಾಟು, ವಾರ್ಡ್‌ರೋಬ್ ಕೆಲಸ ಮಾಡುತ್ತೇನೆ. ಡ್ರಾಯರ್ ಮುಖಗಳ ನಡುವೆ ಸಂದು ಬಿಡಲು, ಡ್ರಾಯರ್ ಜಾರುವ ಚಾನೆಲ್ ಕೂರಿಸಲು ಪ್ರತಿ ಸಲ ಟೇಪ್ ಹಿಡಿಯುವುದು ಬೇಜಾರು. ಅದಕ್ಕೇ 3, 6, 12, 18 ಮಿ.ಮೀ. ದಪ್ಪದ ಅಳತೆ ತುಂಡುಗಳ ಒಂದು ಸೆಟ್ ಇಟ್ಟುಕೊಂಡಿದ್ದೇನೆ. ಜೋಡಿಸಿದರೆ 9, 15, 21 ಎಲ್ಲ ಸಿಗುತ್ತದೆ.

ಮೊದಲು ಸಾಗವಾನಿಯಲ್ಲಿ ಮಾಡಿದ್ದು. ಬೇಸಿಗೆಯಲ್ಲಿ ಸರಿಯಿತ್ತು. ಮಳೆ ಹಿಡಿದ ಮೇಲೆ ಕ್ಯಾಲಿಪರ್ ಇಟ್ಟು ದಪ್ಪ ಅಳೆದರೆ 18ರ ತುಂಡು 18.2! ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ದಪ್ಪಕ್ಕೆ ಹಿಗ್ಗುತ್ತದೆ, ಅಲ್ವಾ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂತೂ ಅಂಚಲ್ಲೇ ಊದಿಕೊಂಡಿತು. ಪ್ಲೈವುಡ್ 18 ಅಂತ ಬರೆದಿದ್ದರೂ ಇರುವುದು 17.5. ಅಕ್ರಿಲಿಕ್ ಊದುವುದಿಲ್ಲ, ಆದರೆ ಶೀಟಿನ ದಪ್ಪವೇ ಒಂದೊಂದು ಕಡೆ ಒಂದೊಂದು ಥರ. ಅಲ್ಯೂಮಿನಿಯಂ ಪಟ್ಟಿಯ ಅಳತೆ ಚೆನ್ನಾಗಿದೆ, ಆದರೆ ಉಪ್ಪು ಗಾಳಿಗೆ ಬಿಳಿ ಪುಡಿ ಏಳುತ್ತದೆ, ಲ್ಯಾಮಿನೇಟ್ ಮೇಲೆ ಗೀರೂ ಬೀಳುತ್ತದೆ.

ಈಗ ಹೈಲಂ ಶೀಟ್ (ಕಾಗದ ಅಥವಾ ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಾಳೆ) ನೋಡುತ್ತಿದ್ದೇನೆ. ಹುಬ್ಬಳ್ಳಿಯಿಂದ ತರಿಸಬೇಕು, ಸುಮ್ನೆ ದುಡ್ಡು ಹಾಕಲು ಮನಸ್ಸಿಲ್ಲ. ಗೊಂದಲ ಇರುವುದು 18ರ ತುಂಡಿನದು. 6ರ ಮೂರು ಪದರ ಅಂಟಿಸಿದರೆ ಗೋಂದಿನ ದಪ್ಪವೂ ಸೇರುತ್ತದೆ. ಅದರ ಬದಲು 6ರ ಶೀಟನ್ನೇ 18 ಅಗಲಕ್ಕೆ ಸೀಳಿ ಅಂಚಿನ ಮೇಲೆ ನಿಲ್ಲಿಸಿ ಬಳಸಬಹುದಾ?

ಕರಾವಳಿಯಲ್ಲಿ ಹೈಲಂ ಬಳಸಿದವರು ಹೇಳಿ: ಮಳೆಗಾಲದಲ್ಲಿ ಅಳತೆ ನಿಲ್ಲುತ್ತದಾ? 18ಕ್ಕೆ ಅಂಟಿಸುವುದಾ, ಸೀಳುವುದಾ?